ಒಬ್ಬಳೇ ಒಂದು ಟೀಮ್: ಬೇಬ್ ಡಿಡ್ರಿಕ್ಸನ್ ಅರ್ಥ ಆಗ್ಬೇಕಂದ್ರೆ ರೂಲ್ ಬುಕ್ ತೆಗೀಬೇಕು

2021ರ ಆಗಸ್ಟ್ 7, ಶನಿವಾರ, ನೆನಪಿದ್ಯಾ? ಗಾಲ್ಫ್ ಅಂದ್ರೆ ಕೋಲಲ್ಲಿ ಚೆಂಡು ಹೊಡೆದು ಗುಂಡಿಗೆ ಬೀಳ್ಸೋದು ಅನ್ನೋದು ಬಿಟ್ರೆ ಇನ್ನೇನೂ ಗೊತ್ತಿಲ್ದಿರೋ ನಮ್ಮಂಥೋರೆಲ್ಲ ಬೆಳಗ್ಗೆನೇ ಟೀವಿ ಮುಂದೆ ಕೂತು ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್‌ಗೋಸ್ಕರ ಉಸಿರು ಬಿಗಿ ಹಿಡ್ಕೊಂಡಿದ್ವಿ. ಒಂದೇ ಒಂದು ಸ್ಟ್ರೋಕ್‌ನಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ ಬಂತು. ಅದೇ ದಿನ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಹೊಡ್ದ, ಊರೆಲ್ಲ ಪಟಾಕಿ, ಬೆಳಗಿನ ಬೇಜಾರು ಅಲ್ಲಿಗೆ ಮರ್ತೇ ಹೋಯ್ತು.

ಈಗ ಆ ದಿನದ ಬೆಳಗ್ಗೆ ಮತ್ತು ಸಂಜೆ ಎರಡನ್ನೂ ಒಬ್ಬಳೇ ಮಾಡಿದ್ಲು ಅಂತ ಇಟ್ಕೊಳ್ಳಿ. ಒಲಿಂಪಿಕ್ಸ್ ಜಾವೆಲಿನ್‌ನಲ್ಲಿ ಚಿನ್ನ, ಅದೇ ಒಲಿಂಪಿಕ್ಸ್‌ನಲ್ಲಿ ಹರ್ಡಲ್ಸ್ ಚಿನ್ನ, ಹೈಜಂಪ್ ಬೆಳ್ಳಿ, ಆಮೇಲೆ ಗಾಲ್ಫ್‌ಗೆ ಬಂದು ಅಲ್ಲಿ 10 ಮೇಜರ್ (ಅಂದ್ರೆ ಗಾಲ್ಫ್‌ನ ಅತಿ ದೊಡ್ಡ) ಟೂರ್ನಿ ಗೆಲುವು, ಸಾಲದು ಅಂತ ಅದಿತಿ ಇವತ್ತು ಆಡ್ತಿರೋ ಹೆಂಗಸರ ಪ್ರೊಫೆಷನಲ್ ಗಾಲ್ಫ್ ಟೂರ್, ಎಲ್‌ಪಿಜಿಎ ಇದ್ಯಲ್ಲ, ಅದನ್ನ 1950ರಲ್ಲಿ ಹುಟ್ಟುಹಾಕಿದ 13 ಹೆಂಗಸರಲ್ಲೂ ಈಕೆ ಒಬ್ಬಳು. ಹೆಸರು ಮಿಲ್ಡ್ರೆಡ್ ಎಲ್ಲಾ ಡಿಡ್ರಿಕ್ಸನ್, ಜಗತ್ತಿಗೆಲ್ಲ ಬೇಬ್. ಮದುವೆ ಆದ್ಮೇಲೆ ಬೇಬ್ ಝಹಾರಿಯಸ್.

ಈಯಮ್ಮನ ಬಗ್ಗೆ ಓದೋಕೆ ಶುರು ಮಾಡಿದ್ರೆ ಮೊದಲು ಸಿಗೋದು ಒಂದು ಉದ್ದ ಪಟ್ಟಿ. ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಅಥ್ಲೆಟಿಕ್ಸ್, ಗಾಲ್ಫ್, ಟೆನಿಸ್, ಬೌಲಿಂಗ್, ಡೈವಿಂಗ್, ಬಿಲಿಯರ್ಡ್ಸ್. ನೀನು ಆಡ್ದೇ ಇರೋ ಆಟ ಯಾವ್ದಾದ್ರೂ ಇದ್ಯಾ ಅಂತ ಪತ್ರಕರ್ತರು ಕೇಳಿದ್ದಕ್ಕೆ "ಇದೆ, ಗೊಂಬೆ ಆಟ" ಅಂದ್ಲಂತೆ. ಓದೋಕೆ ಮಜಾ ಇರುತ್ತೆ, ಆದ್ರೆ ಓದ್ತಾ ಓದ್ತಾ ತಲೇಲಿ ಪ್ರಶ್ನೆ ಹುಟ್ಟುತ್ತೆ. ಇಷ್ಟೊಂದು ಬರ್ತಿದ್ರೆ ಒಲಿಂಪಿಕ್ಸ್‌ನಲ್ಲಿ ಮೂರೇ ಈವೆಂಟ್ ಯಾಕೆ? ವರ್ಲ್ಡ್ ರೆಕಾರ್ಡ್ ಎತ್ತರ ಹಾರಿದೋಳಿಗೆ ಬೆಳ್ಳಿ ಯಾಕೆ? ಎರಡು ಚಿನ್ನ ಗೆದ್ದೋಳು ಕೆಲವೇ ತಿಂಗಳಲ್ಲಿ ನಾಟಕದ ಸ್ಟೇಜ್ ಹತ್ತಿ ಮೌತ್ ಆರ್ಗನ್ ಯಾಕೆ ಊದ್ತಿದ್ಲು? ಎಲ್ಲ ಬಿಟ್ಟು ಗಾಲ್ಫ್‌ಗೇ ಯಾಕೆ ಹೋದ್ಲು? ಮೆಡಲ್ ಪಟ್ಟಿ ಎಷ್ಟು ಸಲ ತಿರುವಿ ಹಾಕಿದ್ರೂ ಇದಕ್ಕೆ ಉತ್ತರ ಸಿಗಲ್ಲ, ಆ ಕಾಲದ ರೂಲ್ ಬುಕ್ ತೆಗೆದ್ರೆ ಸಿಗುತ್ತೆ, ಅದಕ್ಕೇ ಈ ಲೇಖನ.

ಮೊದಲು ಸ್ವಲ್ಪ ಮನೆ ಕಡೆ ಹೋಗಿ ಬರೋಣ. ಹುಟ್ಟಿದ್ದು 1911ರ ಜೂನ್ 26, ಅಮೆರಿಕದ ಟೆಕ್ಸಸ್‌ನ ಪೋರ್ಟ್ ಆರ್ಥರ್‌ನಲ್ಲಿ, ಬೆಳೆದಿದ್ದು ಪಕ್ಕದ ಬೋಮಾಂಟ್‌ನಲ್ಲಿ. ಎರಡೂ ಎಣ್ಣೆ ಬಾವಿ, ರಿಫೈನರಿಗಳ ಊರು. ಅಪ್ಪ ಅಮ್ಮ ನಾರ್ವೆಯಿಂದ ವಲಸೆ ಬಂದೋರು, ಅಪ್ಪ ಮರಗೆಲಸದೋನು, ಏಳು ಮಕ್ಕಳಲ್ಲಿ ಇವಳು ಆರನೇಯವಳು. ದುಡ್ಡು ಅಷ್ಟಕ್ಕಷ್ಟೇ. ಪೊರಕೆ ಕೋಲಿಗೆ ಹಳೇ ಇಸ್ತ್ರಿ ಪೆಟ್ಟಿಗೆ ಕಟ್ಟಿ ಅದನ್ನೇ ವೇಟ್ ಲಿಫ್ಟಿಂಗ್ ಸೆಟ್ ಮಾಡ್ಕೊಂಡಿದ್ರು ಅಂತ ಆಮೇಲೆ ಅವಳೇ ಹೇಳ್ಕೊಂಡಿದ್ದಾಳೆ. ಹರ್ಡಲ್ಸ್ ಪ್ರಾಕ್ಟೀಸ್ ಅಂತೂ ಬೀದಿಯಲ್ಲೇ, ಸಾಲು ಮನೆಗಳ ಮುಂದಿನ ಬೇಲಿ ಗಿಡಗಳನ್ನ ಒಂದಾದ್ಮೇಲೆ ಒಂದು ಹಾರ್ಕೊಂಡು ಓಡೋದು. ಬೇಲಿ ಗಿಡ ಅಂದ್ರೆ ತೆಳ್ಳಗಿನ ಹಲಗೆ ಅಲ್ವಲ್ಲ, ಅಗಲ ಇರುತ್ತೆ, ಕಾಲು ತರಚುತ್ತೆ, ಅದಕ್ಕೇ ಮುಂದಿನ ಮಂಡಿ ಬಗ್ಗಿಸಿ ಹಾರೋ ಅಭ್ಯಾಸ ಆಗೋಯ್ತು, ಆಮೇಲೆ ನಿಜವಾದ ಹರ್ಡಲ್ಸ್‌ನಲ್ಲೂ ಅದೇ ಸ್ಟೈಲ್ ಉಳೀತು.

ಬೇಬ್ ಅನ್ನೋ ಹೆಸರು ಹೆಂಗೆ ಬಂತು ಅಂದ್ರೆ, ಹುಡುಗರ ಜೊತೆ ಬೇಸ್‌ಬಾಲ್ ಆಡುವಾಗ ಆ ಕಾಲದ ಬೇಸ್‌ಬಾಲ್ ಸ್ಟಾರ್ ಬೇಬ್ ರೂತ್ ಥರ ಹೊಡೀತಿದ್ಲು ಅದಕ್ಕೆ ಅಂತ ಅವಳು ಹೇಳ್ತಿದ್ದಿದ್ದು. ಅಮ್ಮ ಚಿಕ್ಕಂದಿನಲ್ಲಿ ಮುದ್ದಾಗಿ ಕರೀತಿದ್ದ ಹೆಸರದು ಅಂತ ಇನ್ನೊಂದು ಮಾತಿದೆ. ಇವಳು ಹೇಳಿದ್ದನ್ನೆಲ್ಲ ಒಂಚೂರು ಉಪ್ಪು ಖಾರ ತೆಗೆದೇ ತಗೋಬೇಕು ಬಿಡಿ, ವಯಸ್ಸನ್ನೂ ಮೂರ್ನಾಲ್ಕು ವರ್ಷ ಕಮ್ಮಿ ಮಾಡಿ ಹೇಳ್ತಿದ್ಲು.

1930ರಲ್ಲಿ ಡಲ್ಲಸ್‌ನ ಎಂಪ್ಲಾಯರ್ಸ್ ಕ್ಯಾಶುವಾಲ್ಟಿ ಅನ್ನೋ ಇನ್ಶೂರೆನ್ಸ್ ಕಂಪನಿಯೋರು ಇವಳು ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಆಡೋದು ನೋಡಿ ಕೆಲಸ ಕೊಟ್ರು. ಕೆಲಸ ಸ್ಟೆನೋಗ್ರಾಫರ್ ಅಂತ, ಸಂಬಳ ತಿಂಗಳಿಗೆ 75 ಡಾಲರ್. ಅಸಲಿ ಕೆಲಸ ಕಂಪನಿಯ ಗೋಲ್ಡನ್ ಸೈಕ್ಲೋನ್ಸ್ ಟೀಮ್‌ಗೆ ಆಡೋದು. ನಮ್ಮೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗೇ ಇಲ್ಲ, ಎಚ್‌ಎಎಲ್, ಐಟಿಐ, ಸ್ಟೇಟ್ ಬ್ಯಾಂಕ್, ರೈಲ್ವೇಸ್ ಅಂತ ಸ್ಪೋರ್ಟ್ಸ್ ಕೋಟಾ ನೋಡ್ಕೊಂಡೇ ಬೆಳೆದೋರು ನಾವು. ಟೀಮ್ ಗೆದ್ರೆ ಪೇಪರ್‌ನಲ್ಲಿ ಕಂಪನಿ ಹೆಸರು ಬರುತ್ತೆ, ಆಡೋರಿಗೆ ತಿಂಗಳ ಸಂಬಳ ಸಿಗುತ್ತೆ. 1931ರಲ್ಲಿ ಆ ಟೀಮ್ ನ್ಯಾಷನಲ್ ಚಾಂಪಿಯನ್ ಆಯ್ತು. ಈ ಸಂಬಳದ ವಿಷಯ ನೆನಪಿಟ್ಕೊಂಡಿರಿ, ಮುಂದೆ ಬೇಕಾಗುತ್ತೆ.

ಈಗ ಬನ್ನಿ 1932ರ ಜುಲೈ 16ಕ್ಕೆ, ಶಿಕಾಗೋ ಪಕ್ಕದ ಎವನ್ಸ್‌ಟನ್. ಅಮೆರಿಕದ ಹೆಂಗಸರ ನ್ಯಾಷನಲ್ ಅಥ್ಲೆಟಿಕ್ಸ್ ಮೀಟ್, ಒಲಿಂಪಿಕ್ಸ್ ಸೆಲೆಕ್ಷನ್ನೂ ಅಲ್ಲೇ. ಬೇರೆ ಕ್ಲಬ್‌ಗಳಿಂದ ಹತ್ತು, ಹದಿನೈದು, ಇಪ್ಪತ್ತು ಜನ ಹುಡುಗೀರು ಬಂದಿದ್ರು. ಡಲ್ಲಸ್ ಕಂಪನಿ ಕಳಿಸಿದ್ದು ಒಬ್ಬಳನ್ನೇ. ಟೀಮ್‌ಗಳ ಹೆಸರು ಕೂಗಿದಾಗ ಉಳಿದೋರೆಲ್ಲ ಗುಂಪು ಗುಂಪಾಗಿ ಮೈದಾನಕ್ಕೆ ಬಂದ್ರೆ ಇವಳು ಒಬ್ಬಳೇ ಕೈ ಬೀಸ್ಕೊಂಡು ಬಂದ್ಲು.

ಒಬ್ಬಳು ಟೀಮ್ ಟೈಟಲ್ ಗೆಲ್ಲೋದು ಹೆಂಗೆ? ಇದೊಂದು ಸಿಂಪಲ್ ಲೆಕ್ಕ. ಪ್ರತಿ ಈವೆಂಟ್‌ನಲ್ಲಿ ಮೊದಲ ಸ್ಥಾನಕ್ಕೆ 5 ಪಾಯಿಂಟ್, ಎರಡನೇದಕ್ಕೆ 3, ಮೂರನೇದಕ್ಕೆ 2, ನಾಲ್ಕನೇದಕ್ಕೆ 1. ಯಾರ ಪಾಯಿಂಟ್ ಆದ್ರೂ ಅವರವರ ಕ್ಲಬ್ ಖಾತೆಗೆ. ಇದ್ದ 10 ಈವೆಂಟ್‌ನಲ್ಲಿ ಬೇಬ್ ಹೆಸರು ಕೊಟ್ಟಿದ್ದು 8ಕ್ಕೆ. ಶಾಟ್‌ಪುಟ್, ಲಾಂಗ್ ಜಂಪ್, ಜಾವೆಲಿನ್, 80 ಮೀಟರ್ ಹರ್ಡಲ್ಸ್, ಬೇಸ್‌ಬಾಲ್ ಎಸೆತ (ಹೌದು, ಬೇಸ್‌ಬಾಲ್ ಚೆಂಡನ್ನ ದೂರಕ್ಕೆ ಎಸೆಯೋದೂ ಆಗ ಒಂದು ಈವೆಂಟು), ಈ ಐದರಲ್ಲಿ ಫಸ್ಟ್, ಅಂದ್ರೆ 25 ಪಾಯಿಂಟ್. ಹೈಜಂಪ್‌ನಲ್ಲಿ ಜೀನ್ ಶೈಲಿ ಅನ್ನೋ ಹುಡುಗಿ ಜೊತೆ ಟೈ, ಹಂಗಾಗಿ 5 ಮತ್ತು 3 ಸೇರಿಸಿ ಭಾಗ ಮಾಡಿ ತಲಾ 4. ಡಿಸ್ಕಸ್‌ನಲ್ಲಿ ನಾಲ್ಕನೇ ಸ್ಥಾನ, 1. ನೂರು ಮೀಟರ್ ಓಟದಲ್ಲಿ ಸೊನ್ನೆ. ಒಟ್ಟು 30. ಎರಡನೇ ಸ್ಥಾನ ಬಂದ ಇಲಿನಾಯ್ ಕ್ಲಬ್‌ಗೆ 22 ಜನ ಸೇರಿ ಗಳಿಸಿದ್ದು 22. ಮೂರು ಗಂಟೆ ಒಳಗೆ ಇದೆಲ್ಲ ಮುಗೀತು, ಅಂದ್ರೆ ಒಂದು ಈವೆಂಟ್ ಮುಗ್ಸಿ ಬೆವರು ಒರೆಸ್ಕೊಳೋ ಅಷ್ಟ್ರಲ್ಲಿ ಇನ್ನೊಂದಕ್ಕೆ ಕೂಗ್ತಿದ್ರು, ಅವಳಿಗೋಸ್ಕರ ಅಧಿಕಾರಿಗಳು ಕಾದಿದ್ದೂ ಉಂಟಂತೆ.

ಇಂಥೋಳು ಒಲಿಂಪಿಕ್ಸ್‌ಗೆ ಹೋದ್ರೆ ಐದಾರು ಚಿನ್ನ ತರ್ಬೇಕಿತ್ತು ತಾನೆ? ಇಲ್ಲೇ ರೂಲ್ ಬುಕ್ ಮೊದಲ ಸಲ ಅಡ್ಡ ಬರೋದು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಅಥ್ಲೆಟಿಕ್ಸ್ ಶುರುವಾಗಿದ್ದೇ 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಅದೂ ಐದೇ ಈವೆಂಟ್. ಅದರಲ್ಲಿ 800 ಮೀಟರ್ ಓಟ ಇತ್ತು, ಓಟ ಮುಗಿದ್ಮೇಲೆ ಒಂದಿಬ್ಬರು ಸುಸ್ತಾಗಿ ನೆಲಕ್ಕೆ ಕೂತ್ರು, ಅದನ್ನೇ ಪೇಪರ್‌ನೋರು ಹೆಂಗಸರೆಲ್ಲ ಪ್ರಜ್ಞೆ ತಪ್ಪಿ ಬಿದ್ರು ಅನ್ನೋ ಥರ ಬರೆದ್ರು. ಎಂಟುನೂರು ಮೀಟರ್ ಜೀವ ಬಿಟ್ಟು ಓಡಿದ್ರೆ ಗಂಡಸರೂ ಕೂರ್ತಾರೆ, ಅದನ್ಯಾರೂ ಬರೀಲಿಲ್ಲ. ಆ ಗಲಾಟೆಯಿಂದ 800 ಮೀಟರ್ ಓಟ ಹೆಂಗಸರಿಗೆ ಮತ್ತೆ ಸಿಕ್ಕಿದ್ದು 1960ರ ರೋಮ್‌ನಲ್ಲಿ, 32 ವರ್ಷ ಆದ್ಮೇಲೆ.

1932ರ ಲಾಸ್ ಏಂಜಲೀಸ್‌ನಲ್ಲಿ ಹೆಂಗಸರಿಗೆ ಇದ್ದಿದ್ದು ಆರು ಈವೆಂಟ್. ಬೇಬ್ ಎವನ್ಸ್‌ಟನ್‌ನಲ್ಲಿ ಗೆದ್ದಿದ್ದ ಐದರಲ್ಲಿ ಶಾಟ್‌ಪುಟ್, ಲಾಂಗ್ ಜಂಪ್, ಬೇಸ್‌ಬಾಲ್ ಎಸೆತ ಮೂರೂ ಅಲ್ಲಿ ಇರ್ಲೇ ಇಲ್ಲ. ಹೆಂಗಸರ ಶಾಟ್‌ಪುಟ್ಟು ಲಾಂಗ್ ಜಂಪು ಒಲಿಂಪಿಕ್ಸ್‌ಗೆ ಬಂದಿದ್ದು 1948ರಲ್ಲಿ. ಅದರ ಮೇಲೆ ಒಬ್ಬ ಹೆಂಗಸು ಮೂರಕ್ಕಿಂತ ಜಾಸ್ತಿ ವೈಯಕ್ತಿಕ ಈವೆಂಟ್‌ಗೆ ಇಳಿಯೋ ಹಾಗಿಲ್ಲ ಅಂತ ಮಿತಿ ಬೇರೆ. ಇವಳಂಥೋರಿಗೇ ಅಂತ ಇರೋ ಹೆಪ್ಟಾಥ್ಲಾನ್, ಅಂದ್ರೆ ಎರಡು ದಿನದಲ್ಲಿ ಏಳು ಈವೆಂಟ್, ನಮ್ಮ ಪ್ರಮೀಳಾ ಅಯ್ಯಪ್ಪ 2010ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದಿದ್ರಲ್ಲ ಅದೇ, ಅದು ಒಲಿಂಪಿಕ್ಸ್‌ಗೆ ಬಂದಿದ್ದು 1984ರಲ್ಲಿ. ಅವಳಿಗೆ ಹೇಳಿ ಮಾಡಿಸಿದ ಆಟ ಅವಳು ಹೋಗಿ 28 ವರ್ಷ ಆದ್ಮೇಲೆ ಬಂತು.

ಸರಿ, ಸಿಕ್ಕ ಮೂರರಲ್ಲಿ ಏನ್ ಮಾಡಿದ್ಲು? ಜಾವೆಲಿನ್ ಎಸೆಯುವಾಗ ಕೈ ಜಾರಿ ಭರ್ಜಿ ಮೇಲಕ್ಕೇರದೆ ನೆಟ್ಟಗೆ ಹೋಯ್ತಂತೆ, ಆದ್ರೂ 43.68 ಮೀಟರ್, ಚಿನ್ನ. 80 ಮೀಟರ್ ಹರ್ಡಲ್ಸ್‌ನಲ್ಲಿ ಇವಳಿಗೂ ಅಮೆರಿಕದವಳೇ ಆದ ಎವೆಲಿನ್ ಹಾಲ್‌ಗೂ ಒಂದೇ ಟೈಮ್, 11.7 ಸೆಕೆಂಡ್, ವರ್ಲ್ಡ್ ರೆಕಾರ್ಡ್. ಆಗ ಕೈಯಲ್ಲಿ ಸ್ಟಾಪ್‌ವಾಚ್ ಒತ್ತೋ ಕಾಲ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದನ್ನ ಅಳೆಯೋಕಾಗ್ತಿರ್ಲಿಲ್ಲ, ಹಾಗಾಗಿ ಗಡಿಯಾರ ಇಬ್ಬರೂ ಒಂದೇ ಅಂದ್ರೂ ಗೆರೆ ಹತ್ರ ನಿಂತಿದ್ದ ಜಡ್ಜ್‌ಗಳು ಕಣ್ಣಲ್ಲಿ ನೋಡಿ ಬೇಬ್ ಫಸ್ಟ್ ಅಂದ್ರು. ಈ ಸಲ ಅವಳ ಅದೃಷ್ಟ.

ಮೂರನೇದು ಹೈಜಂಪ್, ಇಲ್ಲಿ ಅದೃಷ್ಟ ಉಲ್ಟಾ ಹೊಡೀತು, ಮತ್ತೆ ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಎಲ್ರೂ "ಡೈವ್ ಹೊಡೆದಿದ್ದಕ್ಕೆ ಬೆಳ್ಳಿ" ಅಂತ ಒಂದು ಸಾಲಲ್ಲಿ ಮುಗಿಸ್ತಾರೆ, ಡೈವ್ ಅಂದ್ರೆ ಏನು ಅಂತ ಯಾರೂ ಹೇಳಲ್ಲ. ನೀವು ಸರ್ಕಾರಿ ಸ್ಕೂಲಲ್ಲಿ ಓದಿದ್ರೆ ಹೈಜಂಪ್ ಹೆಂಗಿತ್ತು ಅಂತ ನೆನಪು ಮಾಡ್ಕೊಳ್ಳಿ. ಎರಡು ಕಂಬ, ಮಧ್ಯೆ ಬಿದಿರು ಕೋಲು, ಆಕಡೆ ಮರಳು ಗುಂಡಿ. ಪಿಟಿ ಮೇಷ್ಟ್ರು ಹೇಳ್ಕೊಡ್ತಿದ್ದಿದ್ದು ಕತ್ತರಿ ಜಂಪ್, ಒಂದು ಕಾಲು ಎತ್ತಿ ದಾಟ್ಸು, ಹಿಂದೆನೇ ಇನ್ನೊಂದು ಕಾಲು, ಮೈ ನೆಟ್ಟಗೆ. ನಮ್ಮ ಕ್ಲಾಸಲ್ಲಿ ಒಬ್ಬ ಓಡ್ಕೊಂಡ್ ಬಂದು ಕೆರೆಗೆ ಹಾರೋ ಥರ ತಲೆ ಮುಂದೆ ಹಾಕಿ ಹಾರಿ ಮುಖ ತುಂಬ ಮರಳು ಮಾಡ್ಕೊಂಡಿದ್ದ, ಮೇಷ್ಟ್ರು "ಫೌಲ್, ಕತ್ತು ಮುರ್ಕೊಳ್ತೀಯ ಕತ್ತೆ" ಅಂತ ಬೈದು ಕೂರ್ಸಿದ್ರು. ಗೊತ್ತೋ ಗೊತ್ತಿಲ್ದೇನೋ, ಮೇಷ್ಟ್ರು ಹೇಳಿದ್ದು 1932ರ ರೂಲು.

ಕತ್ತರಿ ಜಂಪ್‌ನಲ್ಲಿ ಒಂದು ನಷ್ಟ ಇದೆ. ಮೈ ನೆಟ್ಟಗೆ ಇರೋದ್ರಿಂದ ಕೋಲು ದಾಟೋವಾಗ ಸೊಂಟವನ್ನ ಕೋಲಿಗಿಂತ ತುಂಬ ಮೇಲೆ ಎತ್ಬೇಕು, ಕಷ್ಟಪಟ್ಟು ಎತ್ತಿದ ಎತ್ತರದಲ್ಲಿ ಒಂದಷ್ಟು ವೇಸ್ಟ್. ಅದೇ ದೇಹವನ್ನ ಕೋಲಿನ ಉದ್ದಕ್ಕೆ ಅಡ್ಡ ಮಲಗಿಸಿ ಉರುಳಿಸಿದ್ರೆ ಅಷ್ಟೇ ಶಕ್ತಿಯಲ್ಲಿ ಇನ್ನೂ ಎತ್ತರದ ಕೋಲು ದಾಟ್ಬಹುದು. ಇದಕ್ಕೆ ವೆಸ್ಟರ್ನ್ ರೋಲ್ ಅಂತಾರೆ, ಬೇಬ್ ಹಾರ್ತಿದ್ದಿದ್ದು ಹೀಗೆ. ಜೀನ್ ಶೈಲಿ ಹಾರ್ತಿದ್ದಿದ್ದು ಕತ್ತರಿ. ರೋಲ್ ಮಾಡೋಕೆ ಆಗ ಪರ್ಮಿಷನ್ ಇತ್ತು, ಆದ್ರೆ ತಲೆ ಭುಜ ಮೊದಲು ದಾಟಿ ಕಾಲು ಆಮೇಲೆ ದಾಟಿದ್ರೆ ಅದು ಡೈವ್, ಫೌಲ್. ಕಣ್ಣು ಮಿಟುಕಿಸೋಷ್ಟು ಹೊತ್ತಲ್ಲಿ ಆಗೋ ಜಂಪ್‌ನಲ್ಲಿ ಯಾವುದು ಮೊದಲು ದಾಟ್ತು ಅನ್ನೋದನ್ನ ನಿಂತ್ಕೊಂಡು ನೋಡೋ ಮನುಷ್ಯ ಹೇಳ್ಬೇಕು.

ಇಬ್ಬರೂ 1.65 ಮೀಟರ್ ದಾಟಿ ವರ್ಲ್ಡ್ ರೆಕಾರ್ಡ್ ಮಾಡಿದ್ರು. ಟೈ ಬಿಡಿಸೋಕೆ ಮತ್ತೆ ಹಾರಿಸಿದ್ರು. ಆಗ ಜಡ್ಜ್‌ಗಳು ಬೇಬ್ ಜಂಪ್ ಡೈವ್ ಅಂತ ತೀರ್ಮಾನ ಮಾಡಿ ಚಿನ್ನ ಶೈಲಿಗೆ ಕೊಟ್ರು. ಬೇಬ್ ವಾದ ಏನಂದ್ರೆ ಬೆಳಗ್ಗೆಯಿಂದ ಹೀಗೇ ಹಾರ್ತಿದ್ದೀನಿ, ಇಷ್ಟ್ ಹೊತ್ತು ಯಾರೂ ಏನೂ ಅನ್ಲಿಲ್ಲ, ಕೊನೇ ಜಂಪ್‌ಗೆ ಮಾತ್ರ ಹೆಂಗೆ ಫೌಲ್ ಆಯ್ತು ಅಂತ. ನನಗನ್ಸೋದು ಅವಳ ಮಾತಲ್ಲಿ ಅರ್ಥ ಇದೆ, ಹಿಂದಿನ ಜಂಪ್‌ಗಳೂ ಹಾಗೇ ಇದ್ದಿದ್ರೆ ಅವಳಿಗೆ ಬೆಳ್ಳಿನೂ ಸಿಗ್ಬಾರ್ದಿತ್ತು, ಸರಿ ಇದ್ದಿದ್ರೆ ಇದೂ ಸರಿನೇ. ವರ್ಲ್ಡ್ ರೆಕಾರ್ಡ್ ಮಾತ್ರ ಇಬ್ಬರ ಹೆಸರಿಗೂ ಉಳೀತು. ಆ ಡೈವ್ ರೂಲ್ ಆಮೇಲೆ ಹೊರಟುಹೋಯ್ತು, 1968ರಲ್ಲಿ ಡಿಕ್ ಫಾಸ್ಬರಿ ತಲೆ ಮುಂದೆ ಮಾಡಿ ಬೆನ್ನಡಿಯಾಗಿ ಹಾರಿ ಚಿನ್ನ ಗೆದ್ದ, ಇವತ್ತು ಹೈಜಂಪ್ ಮಾಡೋ ಪ್ರತಿಯೊಬ್ಬರೂ ತಲೇನೇ ಮೊದಲು ದಾಟಿಸೋದು. ನಮ್ಮ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಹಾರಿ ನ್ಯಾಷನಲ್ ರೆಕಾರ್ಡ್ ಮಾಡಿದ್ದೂ ಹಾಗೇ ಹಾರಿ, ಬಿದ್ದಿದ್ದು ದಪ್ಪ ಫೋಮ್ ಹಾಸಿಗೆ ಮೇಲೆ. ಬೇಬ್ ಬೀಳ್ತಿದ್ದಿದ್ದು ಮರಳ ಮೇಲೆ, 1.65 ಅಷ್ಟೇನಾ ಅಂತ ಮೂಗು ಮುರಿಯೋ ಮುಂಚೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಒಂದು ಓಟ, ಒಂದು ಎಸೆತ, ಒಂದು ಜಿಗಿತ, ಮೂರರಲ್ಲೂ ಬೇರೆ ಬೇರೆಯಾಗಿ ವೈಯಕ್ತಿಕ ಒಲಿಂಪಿಕ್ ಪದಕ ಗೆದ್ದಿರೋದು ಗಂಡಸರು ಹೆಂಗಸರು ಎಲ್ಲ ಸೇರಿ ಇವಳೊಬ್ಬಳೇ.

ಇಷ್ಟೊತ್ತು ಹೊಗಳಿದ್ದಾಯ್ತು, ಇನ್ನೊಂದು ಮುಖಾನೂ ಹೇಳ್ಬೇಕು. ಲಾಸ್ ಏಂಜಲೀಸ್‌ಗೆ ಹೋಗೋ ರೈಲಲ್ಲಿ ಅದೇ ಟೀಮ್‌ನ ಇಬ್ಬರು ಕಪ್ಪು ಹುಡುಗೀರು ಇದ್ರು, ಟಿಡೀ ಪಿಕೆಟ್ ಮತ್ತು ಲೂಯಿಸ್ ಸ್ಟೋಕ್ಸ್. ಅವರು ಮಲಗಿದ್ದಾಗ ಬೇಬ್ ಅವರ ಮೇಲೆ ಒಂದು ಜಗ್ ಐಸ್ ನೀರು ಸುರಿದ್ಲು ಅಂತ ಪಿಕೆಟ್ ಮುಂದೆ ಹೇಳಿದ್ದಾರೆ. ತಮಾಷೆಗೆ ಅಂತ ಅವಳ ಕಡೆಯೋರು ಹೇಳ್ಬಹುದು, ಆದ್ರೆ ಯಾರ ಮೇಲೆ ಸುರಿದ್ಲು ಅನ್ನೋದರಲ್ಲೇ ವಿಷಯ ಇದೆ. ಆ ಇಬ್ಬರನ್ನೂ ರಿಲೇ ಓಟದಿಂದ ಕೊನೇ ಗಳಿಗೆಯಲ್ಲಿ ಬಿಟ್ಟು ಬಿಳಿ ಓಟಗಾರ್ತಿಯರನ್ನ ಹಾಕಿದ್ರು, ಅದು ಬೇಬ್ ಮಾಡಿದ್ದಲ್ಲ, ಟೀಮ್ ನಡೆಸೋರು ಮಾಡಿದ್ದು. ತನಗಾದ ಅನ್ಯಾಯದ ಬಗ್ಗೆ ಜೀವಮಾನ ಪೂರ್ತಿ ಮಾತಾಡಿದೋಳಿಗೆ ಪಕ್ಕದ ಸೀಟಿನ ಅನ್ಯಾಯ ಕಾಣ್ಲಿಲ್ಲ. ಬಾಯಿನೂ ದೊಡ್ಡದೇ. ಗಾಲ್ಫ್ ದಿನಗಳಲ್ಲಿ ಲಾಕರ್ ರೂಮ್‌ಗೆ ಬಂದು "ಸೆಕೆಂಡ್ ಯಾರು ಬರೋದು ಇವತ್ತು?" ಅಂತ ಕೇಳ್ತಿದ್ಲಂತೆ, ಜೊತೆಗೆ ಆಡೋರಿಗೆ ಮೈ ಉರೀತಿತ್ತು.

ಈಗ ಸಂಬಳದ ವಿಷಯ. ಆಗಿನ ಕ್ರೀಡಾ ಜಗತ್ತು ಅಮೆಚೂರ್, ಪ್ರೊಫೆಷನಲ್ ಅಂತ ಎರಡಾಗಿ ಒಡೆದಿತ್ತು. ಅಮೆಚೂರ್ ಅಂದ್ರೆ ಆಟದಿಂದ ಒಂದು ಪೈಸೆ ಮುಟ್ಟದೋರು, ಒಲಿಂಪಿಕ್ಸ್ ಅವರಿಗೆ ಮಾತ್ರ. ಕೇಳೋಕೆ ಪವಿತ್ರವಾಗಿದೆ, ಆದ್ರೆ ಇದನ್ನ ಮಾಡಿಟ್ಟೋರು ಇಂಗ್ಲೆಂಡಿನ ಉಳ್ಳೋರು, ಮನೇಲಿ ಆಸ್ತಿ ಇದ್ದೋನಿಗೆ ದುಡ್ಡು ಮುಟ್ಟದೆ ಆಡೋದು ಕಷ್ಟ ಅಲ್ಲ. ಮರಗೆಲಸದೋನ ಏಳು ಮಕ್ಕಳಲ್ಲಿ ಒಬ್ಬಳು ಏನ್ ಮಾಡ್ಬೇಕು? ಅದಕ್ಕೇ ಆ ಸ್ಟೆನೋಗ್ರಾಫರ್ ಕೆಲಸ. ಸಂಬಳ ಟೈಪಿಂಗ್‌ಗೆ ಅಂತ ಕಾಗದದ ಮೇಲೆ ಇದ್ರೆ ಅವಳು ಅಮೆಚೂರ್, ಬ್ಯಾಸ್ಕೆಟ್‌ಬಾಲ್‌ಗೆ ಅಂತ ಬರೆದ್ರೆ ಪ್ರೊಫೆಷನಲ್.

1932ರ ಡಿಸೆಂಬರ್‌ನಲ್ಲಿ ಡಾಡ್ಜ್ ಕಾರಿನ ಜಾಹೀರಾತಲ್ಲಿ ಇವಳ ಹೆಸರು ಫೋಟೋ ಬಂತು. ಅಥ್ಲೆಟಿಕ್ಸ್ ಸಂಸ್ಥೆಯೋರು ತಕ್ಷಣ ಸಸ್ಪೆಂಡ್ ಮಾಡಿದ್ರು. ನಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಅವಳು ಹೇಳಿದ್ಮೇಲೆ ವಾಪಸ್ ತಗೊಂಡ್ರು, ಆದ್ರೆ ಅಷ್ಟರಲ್ಲಿ ಅವಳಿಗೇ ಸಾಕಾಗಿತ್ತು, ಪ್ರೊಫೆಷನಲ್ ಆಗ್ತೀನಿ ಅಂದ್ಲು. ಸಮಸ್ಯೆ ಏನಂದ್ರೆ ಹೆಂಗಸರಿಗೆ ಅಂತ ಪ್ರೊಫೆಷನಲ್ ಅಥ್ಲೆಟಿಕ್ಸ್ ಅನ್ನೋದೇ ಇರ್ಲಿಲ್ಲ. ಈ ಕಡೆ ಬಾಗಿಲು ಮುಚ್ಚಿದ್ರು, ಆ ಕಡೆ ಮನೇನೇ ಕಟ್ಟಿಲ್ಲ. ಅದೂ ಅಮೆರಿಕದಲ್ಲಿ ಕೆಲಸ ಇಲ್ದೆ ಜನ ಗಂಜಿಗೆ ಕ್ಯೂ ನಿಂತಿದ್ದ ಟೈಮು. ಆಗ್ಲೇ ಶಿಕಾಗೋದ ಥಿಯೇಟರ್ ಸ್ಟೇಜಲ್ಲಿ ಟ್ರೆಡ್‌ಮಿಲ್ ಮೇಲೆ ಓಡೋದು, ಮೌತ್ ಆರ್ಗನ್ ಊದೋದು. ಆಮೇಲೆ ಬೇಬ್ ಡಿಡ್ರಿಕ್ಸನ್ಸ್ ಆಲ್ ಅಮೆರಿಕನ್ಸ್ ಅಂತ ಬ್ಯಾಸ್ಕೆಟ್‌ಬಾಲ್ ಟೀಮ್ ಕಟ್ಕೊಂಡು ಊರೂರು ಸುತ್ತಾಟ. 1934ರಲ್ಲಿ ಹೌಸ್ ಆಫ್ ಡೇವಿಡ್ ಅಂತ ಒಂದು ಧಾರ್ಮಿಕ ಪಂಗಡದ ಬೇಸ್‌ಬಾಲ್ ಟೀಮ್, ಉದ್ದ ಗಡ್ಡ ಬಿಟ್ಟ ಗಂಡಸರದ್ದು, ಅದರಲ್ಲಿ ಗಡ್ಡ ಇಲ್ದಿರೋ ಪಿಚರ್ (ಬ್ಯಾಟ್ ಮಾಡೋರಿಗೆ ಚೆಂಡು ಎಸೆಯೋರು) ಇವಳೊಬ್ಬಳೇ. ನಮ್ಮ ಕಡೆ ನಾಟಕ ಕಂಪನಿಗಳು ಕ್ಯಾಂಪಿಂದ ಕ್ಯಾಂಪಿಗೆ ಹೋಗ್ತಿದ್ವಲ್ಲ, ಹೆಚ್ಚುಕಮ್ಮಿ ಅದೇ ಬದುಕು. ಜನ ಬಂದು ನೋಡ್ತಿದ್ದಿದ್ದು ಆಟಕ್ಕಿಂತ ಜಾಸ್ತಿ ಈ ವಿಚಿತ್ರಾನ.

ಪೇಪರ್‌ನೋರಂತೂ ಇವಳ ಮೈಕಟ್ಟು, ಕೂದಲು, ಗಂಡುಬೀರಿತನ ಅಂತ ಆಡ್ಕೊಂಡು ಬರೀತಿದ್ರು. ನ್ಯೂಯಾರ್ಕಿನ ಒಬ್ಬ ಸ್ಪೋರ್ಟ್ಸ್ ರೈಟರ್ ಅಂತೂ ಇಂಥೋರೆಲ್ಲ ಮನೇಲಿದ್ದು ಸಿಂಗಾರ ಮಾಡ್ಕೊಂಡು ಫೋನ್ ಬರೋಕೆ ಕಾಯೋದು ವಾಸಿ ಅಂತ ಬರೆದ.

ಗಾಲ್ಫ್ ಯಾಕೆ ಅನ್ನೋದಕ್ಕೆ ಉತ್ತರ ಈಗ ತಾನಾಗೇ ಬರುತ್ತೆ. ಹೆಂಗಸರಿಗೆ ದೊಡ್ಡ ಟೂರ್ನಿಗಳಿದ್ದ, ವಯಸ್ಸಾದ್ರೂ ಆಡ್ಬಹುದಾದ ಕೆಲವೇ ಆಟಗಳಲ್ಲಿ ಅದೊಂದು. ದಿನಕ್ಕೆ ಸಾವಿರದ ಹತ್ರ ಚೆಂಡು ಹೊಡೀತಿದ್ಲು, ಅಂಗೈ ಬೊಬ್ಬೆ ಎದ್ದು ರಕ್ತ ಬಂದ್ರೆ ಟೇಪ್ ಸುತ್ಕೊಂಡು ಮತ್ತೆ ಹೊಡೀತಿದ್ಲು. 1935ರಲ್ಲಿ ಟೆಕ್ಸಸ್ ರಾಜ್ಯದ ಹೆಂಗಸರ ಅಮೆಚೂರ್ ಟೂರ್ನಿ ಗೆದ್ಲು. ಕಂಟ್ರಿ ಕ್ಲಬ್ ಅಂದ್ರೆ ಶ್ರೀಮಂತರ ಅಡ್ಡಾ, ಟ್ರಕ್ ಡ್ರೈವರ್‌ಗಳ ಮಕ್ಕಳು ನಮ್ಮ ಟೂರ್ನಿಗೆ ಬೇಕಾಗಿಲ್ಲ ಅಂತ ಅಲ್ಲಿಯ ಒಬ್ಬಾಕೆ ಅಂದಿದ್ದು ಇವಳ ಕಿವಿಗೂ ಬಿದ್ದಿತ್ತು. ಗೆದ್ದಿದ್ದೇ ತಡ, ಅಮೆರಿಕದ ಗಾಲ್ಫ್ ಸಂಸ್ಥೆ ಇವಳು ಬೇರೆ ಆಟಗಳಲ್ಲಿ ದುಡ್ಡು ತಗೊಂಡಿದ್ದಾಳೆ, ಗಾಲ್ಫ್‌ನಲ್ಲೂ ಪ್ರೊಫೆಷನಲ್ ಅಂತಲೇ ಲೆಕ್ಕ ಅಂತ ಹೊರಗಿಡ್ತು. ಬ್ಯಾಸ್ಕೆಟ್‌ಬಾಲ್ ಆಡಿ ಸಂಪಾದಿಸಿದ ದುಡ್ಡು ಗಾಲ್ಫ್ ಜಾತಿ ಕೆಡಿಸ್ತು! ಮುಂದೆ ಟೆನಿಸ್ ಕಲಿತು ಟೂರ್ನಿಗೆ ಅರ್ಜಿ ಹಾಕಿದಾಗ ಅವರೂ ಇದೇ ಕಾರಣ ಹೇಳಿ ವಾಪಸ್ ಕಳಿಸಿದ್ರು.

1938ರಲ್ಲಿ ಗಂಡಸರ ಲಾಸ್ ಏಂಜಲೀಸ್ ಓಪನ್‌ಗೆ ಹೋಗಿ ಹೆಸರು ಕೊಟ್ಲು. ಜೊತೆಗೆ ಆಡೋಕೆ ಹಾಕಿದ್ದು ಜಾರ್ಜ್ ಝಹಾರಿಯಸ್ ಅನ್ನೋ ಧಡೂತಿ ಕುಸ್ತಿಪಟುನ, ಪ್ರೊ ರೆಸ್ಲಿಂಗ್‌ನಲ್ಲಿ ವಿಲನ್ ಪಾತ್ರ ಅವನದ್ದು. ಅದೇ ವರ್ಷ ಡಿಸೆಂಬರ್‌ನಲ್ಲಿ ಮದುವೆ. ಪ್ರೇಮಕಥೆ ಒಂದು ಕಡೆ ಇರ್ಲಿ, ಇದರಲ್ಲಿ ಲೆಕ್ಕಾಚಾರದ ವಿಷಯ ಒಂದಿದೆ. ಮತ್ತೆ ಅಮೆಚೂರ್ ಆಗ್ಬೇಕಂದ್ರೆ ಮೂರು ವರ್ಷ ಆಟದಿಂದ ಏನೂ ಸಂಪಾದಿಸ್ಬಾರ್ದು ಅನ್ನೋದು ಷರತ್ತು. ಗಂಡನ ಸಂಪಾದನೆ ಚೆನ್ನಾಗಿತ್ತು, ಕಾಯೋಕೆ ಆಯ್ತು, 1943ರಲ್ಲಿ ಅಮೆಚೂರ್ ಹಣೆಪಟ್ಟಿ ವಾಪಸ್ ಸಿಕ್ತು. ಉಳ್ಳೋರ ರೂಲ್ ಗೆಲ್ಲೋಕೆ ಮೊದಲು ಉಳ್ಳೋರ ಮನೆ ಸೇರ್ಬೇಕಾಯ್ತು.

ಆಮೇಲೆ ನೋಡಿ. 1945ರಲ್ಲಿ ಮತ್ತೆ ಗಂಡಸರ ಟೂರ್ನಿಗಳಿಗೆ ಹೋದ್ಲು. ಅಲ್ಲಿ ಕಟ್ ಅಂತ ಒಂದಿರುತ್ತೆ, ಮೊದಲ ಎರಡು ಸುತ್ತು ಆದ್ಮೇಲೆ ಸ್ಕೋರ್ ಜಾಸ್ತಿ ಇರೋರನ್ನೆಲ್ಲ ಮನೆಗೆ ಕಳಿಸಿ ಉಳಿದೋರಷ್ಟೇ ಮುಂದೆ ಆಡೋದು (ಗಾಲ್ಫ್‌ನಲ್ಲಿ ಸ್ಕೋರ್ ಕಮ್ಮಿ ಇದ್ದಷ್ಟೂ ಒಳ್ಳೇದು). ಬೇಬ್ ಆ ಕಟ್ ದಾಟಿದ್ಲು. 58 ವರ್ಷ ಆದ್ಮೇಲೆ, 2003ರಲ್ಲಿ, ಸ್ವೀಡನ್ನಿನ ಗಾಲ್ಫ್ ತಾರೆ ಆನಿಕಾ ಸೋರೆನ್‌ಸ್ಟಾಮ್ ಗಂಡಸರ ಟೂರ್ ಅಂಗಳಕ್ಕೆ ಬಂದ್ಲು, ಅವಳೂ ಕಟ್ ದಾಟ್ಲಿಲ್ಲ, ಆಮೇಲೆ ಬಂದೋರೂ ದಾಟಿಲ್ಲ.

1946ರಲ್ಲಿ ಅಮೆರಿಕದ ಹೆಂಗಸರ ಅಮೆಚೂರ್ ಫೈನಲ್ ಗೆದ್ದಿದ್ದು 11-9ರಿಂದ. ಇದು ಕಬಡ್ಡಿ ಸ್ಕೋರ್ ಥರ ಹತ್ತಿರದ ಗೆಲುವು ಅನ್ಕೋಬೇಡಿ. ಮ್ಯಾಚ್ ಪ್ಲೇನಲ್ಲಿ ಒಂದೊಂದು ಗುಂಡಿಗೂ ಒಬ್ಬರು ಗೆಲ್ತಾರೆ, 11-9 ಅಂದ್ರೆ ಇನ್ನೂ 9 ಗುಂಡಿ ಬಾಕಿ ಇರುವಾಗ ಇವಳು 11 ಮುಂದೆ, ಎದುರಾಳಿ ಉಳಿದ ಒಂಬತ್ತನ್ನೂ ಗೆದ್ರೂ ಪ್ರಯೋಜನ ಇಲ್ಲ, ಕೈ ಕುಲುಕಿ ಮನೆಗೆ ಹೋಗೋದೇ. ಮುಂದಿನ ವರ್ಷ ಸ್ಕಾಟ್ಲೆಂಡಿನ ಗಲನ್‌ನಲ್ಲಿ ಬ್ರಿಟಿಷ್ ಅಮೆಚೂರ್ ಗೆದ್ದ ಮೊದಲ ಅಮೆರಿಕನ್ ಮಹಿಳೆ ಆದ್ಲು. ಸತತ 17 ಟೂರ್ನಿ ಗೆದ್ದೆ ಅಂತ ಹೇಳ್ಕೊಂಡು ಓಡಾಡಿದ್ಲು, ಆಮೇಲೆ ಲೆಕ್ಕ ಹಾಕಿದೋರು ಮಧ್ಯೆ ಒಂದು ಸೋಲು ಹುಡುಕಿ ತೆಗೆದ್ರು, ಅವಳು ಅದನ್ನ ನುಂಗಿಬಿಟ್ಟಿದ್ಲು. ಅದನ್ನ ಕಳೆದ್ರೂ ಹನ್ನೆರಡರ ಮೇಲೇ ಉಳಿಯುತ್ತೆ, ಸುಳ್ಳು ಹೇಳೋ ಅಗತ್ಯ ಏನಿತ್ತೋ.

ಅಷ್ಟು ಕಾದು ಪಡೆದ ಆ ಅಮೆಚೂರ್ ಪಟ್ಟ 1947ರಲ್ಲಿ ಅವಳೇ ಬಿಟ್ಲು. ಈ ಸಲ ವ್ಯತ್ಯಾಸ ಏನಂದ್ರೆ ಹೋಗೋಕೆ ಮನೆ ಇಲ್ಲ ಅಂತ ಕೂರದೆ ಇತರರ ಜೊತೆ ಸೇರಿ ಮನೆ ಕಟ್ಟಿದ್ಲು. ಅದೇ 1950ರ ಎಲ್‌ಪಿಜಿಎ. ಪ್ಯಾಟಿ ಬರ್ಗ್, ಲೂಯಿಸ್ ಸಗ್ಸ್, ಬೆಟ್ಟಿ ಜೇಮ್ಸನ್ ಎಲ್ಲ ಸಮ ಸಮ ಆಟಗಾರ್ತಿಯರೇ, ಆದ್ರೆ ಟಿಕೆಟ್ ತಗೊಂಡು ಬರೋ ಜನ ಮೊದಲು ಕೇಳ್ತಿದ್ದಿದ್ದು ಬೇಬ್ ಬಂದಿದ್ದಾಳಾ ಅಂತ. ಆ ಊರೂರು ಸುತ್ತಿದ ವರ್ಷಗಳಲ್ಲಿ ಕಲಿತ ಮಾತು, ತಮಾಷೆ, ಜನರನ್ನ ನಗಿಸೋ ಕಲೆ ಎಲ್ಲ ಇಲ್ಲಿ ಕೆಲಸಕ್ಕೆ ಬಂತು.

1953ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್. ಬೋಮಾಂಟ್‌ನಲ್ಲೇ ಆಪರೇಷನ್, ಕೊಲಾಸ್ಟಮಿ ಮಾಡಿದ್ರು, ಅಂದ್ರೆ ಕೆಟ್ಟ ಭಾಗ ತೆಗೆದು, ಹೊಟ್ಟೆ ಮೇಲೆ ಒಂದು ದಾರಿ ಮಾಡಿ ಮಲ ಅಲ್ಲಿಂದ ಹೊರಗೆ ಬರೋ ಹಾಗೆ. ಕ್ಯಾನ್ಸರ್ ಹರಡಿದೆ ಅಂತ ಗಂಡನಿಗೂ ಜೊತೆಗಿದ್ದ ಗೆಳತಿ ಬೆಟ್ಟಿ ಡಾಡ್‌ಗೂ ಡಾಕ್ಟ್ರು ಹೇಳಿದ್ರು, ಅವಳಿಗೆ ಹೇಳ್ಲಿಲ್ಲ. ಈಗ್ಲೂ ನಮ್ಮ ಎಷ್ಟೋ ಮನೆಗಳಲ್ಲಿ "ಪೇಷೆಂಟ್ ಮುಂದೆ ಹೇಳ್ಬೇಡಿ" ಅಂತ ಕಾರಿಡಾರ್‌ನಲ್ಲಿ ಪಿಸುಗುಡ್ತೀವಲ್ಲ, ಅದೇ. ಆದ್ರೆ ಅವಳು ತನಗೆ ಗೊತ್ತಿದ್ದಷ್ಟನ್ನ ಊರಿಗೆಲ್ಲ ಹೇಳಿದ್ಲು. ಕ್ಯಾನ್ಸರ್ ಅನ್ನೋ ಪದವನ್ನೇ ಬಾಯಿ ಬಿಟ್ಟು ಹೇಳೋಕೆ ಜನ ಹೆದರ್ತಿದ್ದ ಕಾಲದಲ್ಲಿ ತನ್ನ ಖಾಯಿಲೆ ಏನು, ಆಪರೇಷನ್ ಏನು ಅಂತ ಪೇಪರ್‌ಗೆ ಹೇಳಿ, ಅಮೆರಿಕನ್ ಕ್ಯಾನ್ಸರ್ ಸೊಸೈಟಿಗೆ ದುಡ್ಡು ಎತ್ತಿದ್ಲು. ನನ್ನ ಕೇಳಿದ್ರೆ ಮೆಡಲ್‌ಗಳಿಗಿಂತ ಇದು ದೊಡ್ಡದು.

ನಾಲ್ಕು ತಿಂಗಳೊಳಗೆ ಮತ್ತೆ ಟೂರ್ನಿಯಲ್ಲಿದ್ಲು. ಮರುವರ್ಷ, 1954ರಲ್ಲಿ, ಮ್ಯಾಸಚೂಸೆಟ್ಸ್‌ನ ಸೇಲಂ ಕಂಟ್ರಿ ಕ್ಲಬ್‌ನಲ್ಲಿ ಅಮೆರಿಕದ ಹೆಂಗಸರ ಓಪನ್. ಕೊನೇ ದಿನ ಒಂದೇ ದಿನಕ್ಕೆ ಎರಡು ಸುತ್ತು, 36 ಗುಂಡಿ, ಬೆಳಗ್ಗೆಯಿಂದ ಸಂಜೆವರೆಗೆ ಗುಡ್ಡ ಹತ್ತಿ ಇಳಿಯೋದು, ಬಟ್ಟೆ ಒಳಗೆ ಹೊಟ್ಟೆಗೆ ಕಟ್ಟಿರೋ ಚೀಲ. ಒಟ್ಟು 291 ಸ್ಟ್ರೋಕ್, ಎರಡನೇ ಸ್ಥಾನದೋಳಿಗಿಂತ 12 ಕಮ್ಮಿ. ಅದಿತಿ ಒಂದು ಸ್ಟ್ರೋಕ್‌ಗೆ ಕಂಚು ಕಳ್ಕೊಂಡ್ಲು ಅಂತ ನಾವು ಒದ್ದಾಡಿದ್ವಲ್ಲ, ಹನ್ನೆರಡು ಅಂದ್ರೆ ಎಷ್ಟು ದೂರ ಅಂತ ಅದರಿಂದ ಅಂದಾಜು ಮಾಡ್ಕೊಳ್ಳಿ.

1955ರಲ್ಲಿ ಕ್ಯಾನ್ಸರ್ ವಾಪಸ್ ಬಂತು. 1956ರ ಸೆಪ್ಟೆಂಬರ್ 27ರಂದು ಗ್ಯಾಲ್ವೆಸ್ಟನ್‌ನ ಆಸ್ಪತ್ರೆಯಲ್ಲಿ ತೀರ್ಕೊಂಡ್ಲು, ವಯಸ್ಸು 45. ಗಾಲ್ಫ್ ಆಡೋ ಕೋಲುಗಳು ಆ ರೂಮಿನ ಮೂಲೆಯಲ್ಲೇ ಇದ್ವು. ಅವತ್ತು ಪ್ರೆಸಿಡೆಂಟ್ ಐಸೆನ್‌ಹೋವರ್ ತಮ್ಮ ಪ್ರೆಸ್ ಮೀಟ್ ಶುರು ಮಾಡಿದ್ದು ಅವಳನ್ನ ನೆನೆದು.

ಅಮೆರಿಕದ ಎಪಿ ಸುದ್ದಿಸಂಸ್ಥೆ ವರ್ಷದ ಮಹಿಳಾ ಕ್ರೀಡಾಪಟು ಅಂತ ಅವಳನ್ನ ಆರು ಸಲ ಆರಿಸಿತ್ತು, ಒಂದು ಸಲ 1932ರಲ್ಲಿ ಅಥ್ಲೆಟಿಕ್ಸ್‌ಗೆ, ಉಳಿದ ಐದೂ ಗಾಲ್ಫ್‌ಗೆ. ಮಧ್ಯದ 12 ವರ್ಷ, 1933ರಿಂದ 1944ರವರೆಗೆ, ಖಾಲಿ. ಅಮೆರಿಕದ ಅತಿ ದೊಡ್ಡ ನಾಗರಿಕ ಗೌರವ, ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಮ್, ಸತ್ತು 64 ವರ್ಷ ಆದ್ಮೇಲೆ ಕೊಟ್ರು, 2021ರ ಜನವರಿ 7ಕ್ಕೆ. ಹಿಂದಿನ ದಿನವಷ್ಟೇ ವಾಷಿಂಗ್ಟನ್‌ನ ಸಂಸತ್ ಭವನಕ್ಕೆ ಜನ ನುಗ್ಗಿ ದಾಂಧಲೆ ಮಾಡಿದ್ರು, ಟೀವಿ ತುಂಬಾ ಅದೇ ಸುದ್ದಿ, ಮುಚ್ಚಿದ ಬಾಗಿಲೊಳಗೆ ನಡೆದ ಕಾರ್ಯಕ್ರಮ, ಮೆಡಲ್ ಯಾರಿಗೆ ಹೋಯ್ತು ಅಂತ ಹೆಚ್ಚಿನೋರು ನೋಡ್ಲೂ ಇಲ್ಲ.